ಮೀನಿಗೆ ಮಯೋನೀಸೇ ಆಗಬೇಕೇ?

ಪ್ರಶ್ನೆ: ನಾವು ಮಂಗಳೂರು ಕಡೆಯವರು, ಈಗ ವಡೋದರಾದಲ್ಲಿದ್ದೇವೆ. ಮಕ್ಕಳಿಗೆ ಮೀನು ಫ್ರೈ, ಸಿಗಡಿಯ ಜೊತೆ ಹೋಟೆಲಿನ ಬಿಳಿ ಸಾಸೇ ಬೇಕು. ಆರೋಗ್ಯಕ್ಕೆ ಒಗ್ಗುವಂಥದ್ದನ್ನು ಮನೆಯಲ್ಲೇ ಮಾಡಬಹುದೇ?

ಉತ್ತರ: ಧಾರಾಳವಾಗಿ. ಆ ಟಾರ್ಟರ್ ಸಾಸಿನ ಜೀವ ಮಯೋನೀಸ್. ಮಯೋನೀಸಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಎಣ್ಣೆ. ಒಂದು ದೊಡ್ಡ ಚಮಚಕ್ಕೆ 90 ಕ್ಯಾಲೊರಿಯ ಆಸುಪಾಸು. ಗುಜರಾತಿನ ಅಂಗಡಿಗಳಲ್ಲಿ ಸಿಗುವ ಮೊಟ್ಟೆಯಿಲ್ಲದ ಬಗೆಯಲ್ಲಿ ಇಲ್ಲದಿರುವುದು ಮೊಟ್ಟೆ ಮಾತ್ರ, ಎಣ್ಣೆಯಲ್ಲ. ಹಸಿಮೊಟ್ಟೆ ಒಡೆದು ನೀವೇ ಮಾಡುವುದೂ ಬೇಡ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯದಿಂದ ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿಮೊಟ್ಟೆಯ ಮಯೋನೀಸಿನ ಮಾರಾಟವನ್ನೇ ಒಂದು ವರ್ಷ ನಿಷೇಧಿಸಿದವು.

ಕರಿದ ಮೀನಿನ ಜಿಡ್ಡನ್ನು ಮುರಿಯಲು ಬೇಕಾದದ್ದು ಹುಳಿ ಮತ್ತು ಖಾರ. ಇದನ್ನು ಸೂರತ್, ನವಸಾರಿಯ ಪಾರ್ಸಿಗಳು ಚೆನ್ನಾಗಿ ಬಲ್ಲರು. ಕೊತ್ತಂಬರಿ, ತೆಂಗಿನಕಾಯಿ, ಹಸಿಮೆಣಸು, ಬೆಳ್ಳುಳ್ಳಿ, ನಿಂಬೆಹುಳಿಯ ಹಸಿರು ಚಟ್ನಿಯನ್ನು ಪಾಂಫ್ರೆಟ್‌ಗೆ ಮೆತ್ತಿ, ಬಾಳೆಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ‘ಪಾತ್ರಾ ನಿ ಮಚ್ಛಿ’ ಅವರದು. ಆ ಚಟ್ನಿಯನ್ನೇ ಎರವಲು ಪಡೆದು, ತೆಂಗಿನಕಾಯಿಯ ಬದಲು ಗಟ್ಟಿ ಮೊಸರಿನೊಂದಿಗೆ ಬೆರೆಸೋಣ.

ಅರ್ಧ ಕಿಲೋ ಮೊಸರನ್ನು ಶ್ರೀಖಂಡಕ್ಕೆ ಕಟ್ಟುವಂತೆ ತೆಳು ಬಟ್ಟೆಯಲ್ಲಿ ಕಟ್ಟಿ, ಜಾಲರಿಯ ಮೇಲಿಟ್ಟು ನಾಲ್ಕೈದು ಗಂಟೆ ನೀರಿಳಿಸಿ. ಫ್ರಿಜ್‌ನೊಳಗೇ ಇಡಿ, ಅಹಮದಾಬಾದಿನ ಮೇ ತಿಂಗಳಲ್ಲಿ ಹೊರಗೆ ತೂಗುಹಾಕಿದ ಮೊಸರು ಬಾಯಿಗಿಡಲಾಗದಷ್ಟು ಹುಳಿಯಾಗುತ್ತದೆ. ಇಳಿದ ನೀರು ಥೇಪ್ಲಾ ಹಿಟ್ಟು ಕಲಸಲು ಸೊಗಸು. ಒಂದು ಹಿಡಿ ಕೊತ್ತಂಬರಿ, ಅರ್ಧ ಹಿಡಿ ಪುದೀನ, ಎರಡು ಹಸಿಮೆಣಸು, ಬೆಳ್ಳುಳ್ಳಿ, ಚೂರು ಜೀರಿಗೆಯನ್ನು ನೀರು ಹಾಕದೆ ಅರೆಯಿರಿ. ಅದನ್ನು ಗಟ್ಟಿ ಮೊಸರಿಗೆ ಚಮಚದಲ್ಲೇ ಕಲಸಿ. ಮಿಕ್ಸಿಗೆ ಹಾಕಿದಿರೋ, ಮೊಸರು ನೀರಾಯಿತೆಂದೇ ಲೆಕ್ಕ. ಸಣ್ಣಗೆ ಹೆಚ್ಚಿ ಹಿಂಡಿದ ಸೌತೆಕಾಯಿ, ಈರುಳ್ಳಿ ಸೇರಿಸಿದರೆ ಟಾರ್ಟರಿನ ಕುರುಕಲು ಸಿಗುತ್ತದೆ. ಚಳಿಗಾಲದಲ್ಲಿ ಊಂಧಿಯೂ ಪಲ್ಯಕ್ಕೆಂದು ಬರುವ ಹಸಿರು ಬೆಳ್ಳುಳ್ಳಿ, ಅಂದರೆ ‘ಲೀಲು ಲಸಣ್’, ಸಿಕ್ಕರೆ ಬಿಡಬೇಡಿ. ಅಂಗಡಿಯ ಚಟ್ನಿಯಂತೆ ಇದಕ್ಕೆ ಸಕ್ಕರೆ ಸುರಿಯಬೇಕಿಲ್ಲ. ಉಪ್ಪನ್ನೂ ಕೈತಡೆದು ಹಾಕಿ; ಮಸಾಲೆ ಹಚ್ಚಿದ ಮೀನಿನಲ್ಲಿ ಅದು ಆಗಲೇ ಇದೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ.

‘ಮೀನಿಗೆ ಮೊಸರೇ?’ ಎಂದು ಮನೆಯ ಹಿರಿಯರು ಹುಬ್ಬೇರಿಸಬಹುದು. ಮೀನು ಮತ್ತು ಹಾಲನ್ನು ಆಯುರ್ವೇದ ವಿರುದ್ಧಾಹಾರ ಎನ್ನುತ್ತದೆ. ಮೀನು, ಮೊಸರು ಕೂಡಿದರೆ ತೊನ್ನು ಬರುತ್ತದೆಂಬ ಮಾತಿಗೆ ಮಾತ್ರ ಆಧುನಿಕ ವೈದ್ಯದಲ್ಲಿ ಆಧಾರವಿಲ್ಲ. ಬಂಗಾಳಿಗಳು ಮೊಸರಿನಲ್ಲಿ ಬೇಯಿಸಿದ ಮೀನು, ‘ದೊಯಿ ಮಾಛ್’, ಉಣ್ಣುತ್ತಲೇ ಬಂದಿದ್ದಾರೆ. ಆದರೆ ಅತ್ತೆಯವರೊಡನೆ ಊಟದ ಹೊತ್ತಿನಲ್ಲಿ ಈ ವಾದ ಹೂಡುವ ಅಗತ್ಯವೇನೂ ಇಲ್ಲ, ನಮ್ಮ ಪುನರ್ಪುಳಿ ಇದೆಯಲ್ಲ! ಗುಜರಾತಿಗಳು ದಾಲ್‌ಗೆ ಹಾಕುವುದರಿಂದ ಅಲ್ಲಿಯ ಕಿರಾಣಿ ಅಂಗಡಿಗಳಲ್ಲಿ ‘ಕೋಕಮ್’ ಎಂದು ಕೇಳಿದರೆ ಕೊಡುತ್ತಾರೆ. ಆರೇಳು ಸಿಪ್ಪೆಯನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಹುರಿದ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಎರಡು ಚಮಚ ಹುರಿದ ಬಿಳಿ ಎಳ್ಳಿನೊಂದಿಗೆ ನುಣ್ಣಗೆ ಅರೆಯಿರಿ. ಸಿಪ್ಪೆಗೆ ಉಪ್ಪು ಹಚ್ಚಿಯೇ ಒಣಗಿಸಿರುವುದುಂಟು, ಆದ್ದರಿಂದ ರುಚಿ ನೋಡಿದ ಮೇಲಷ್ಟೇ ಉಪ್ಪು. ಸಿಗಡಿಗೆ ನನ್ನ ಮತ ಇದಕ್ಕೇ.

ಮೊಸರಿನದನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಪುನರ್ಪುಳಿಯದು ಇನ್ನೊಂದೆರಡು ದಿನ ಬಾಳುತ್ತದೆ. ಮೊಸರಿನದಕ್ಕೆ ನಿಂಬೆರಸವನ್ನು ಮಾತ್ರ ಬಡಿಸುವ ಹೊತ್ತಿಗೆ ಹಿಂಡಿ.