ಮಕ್ಕಳಿಗೆ ಫಿಟ್ಸ್ ಬಂದಾಗ ಗಾಬರಿ ಬೇಡ, ಗಡಿಯಾರ ನೋಡಿ



ದನಕರುಗಳ ವೈದ್ಯನಾದ ನಾನು ಈ ಸಲ ಮಕ್ಕಳ ಬಗ್ಗೆ ಬರೆಯುವುದಕ್ಕೆ ಕಾರಣವಿದೆ. ಒಂದು ಬೆಳಿಗ್ಗೆ ಸಂಘದಲ್ಲಿ ಹಾಲು ಅಳೆಯುವ ಹೊತ್ತಿಗೆ ಸದಸ್ಯೆಯೊಬ್ಬರು ಎರಡು ವರ್ಷದ ಮಗುವನ್ನು ಎತ್ತಿಕೊಂಡು ಓಡಿಬಂದರು. ಮೈ ಕೆಂಡದಂತೆ ಸುಡುತ್ತಿತ್ತು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು, ಕೈಕಾಲು ಅದುರುತ್ತಿದ್ದವು. ಒಬ್ಬರು ಬಾಯಿಗೆ ಚಮಚ ತುರುಕಲು ಬಂದರು. ಇನ್ನೊಬ್ಬರು ಕೈಗೆ ಬೀಗದ ಕೈ ಹಿಡಿಸಿದರು. "ಡಾಕ್ಟ್ರೇ, ಕರುವಿಗೆ ಹಾಕೋ ಸೂಜೀನೇ ಹಾಕ್ಬಿಡಿ" ಎಂದು ತಾಯಿ ಅತ್ತರು. ನಾನು ಸೂಜಿ ಹಾಕಲಿಲ್ಲ. ಮಗುವನ್ನು ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡುತ್ತ ಕುಳಿತೆ. ಎರಡು ನಿಮಿಷದಲ್ಲಿ ಅದುರುವುದು ನಿಂತಿತು. ಕೂಡಲೇ ಆಸ್ಪತ್ರೆಗೆ ಕಳುಹಿಸಿದೆವು. ಮಗು ಚೆನ್ನಾಗಿದೆ.

ಜ್ವರದ ಫಿಟ್ಸ್

6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಿಗೆ ಜ್ವರದ ಜೊತೆ ಇದು ಬರಬಹುದು. ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಒಮ್ಮೆಯಾದರೂ ಬರುತ್ತದೆ. ನೋಡಿದವರಿಗೆ ಮಗು ಕೈತಪ್ಪಿತೆಂದೇ ಅನಿಸಿದರೂ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ, ಬುದ್ಧಿಗೆ ಕುಂದಿಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಮುಂದೆ ಜ್ವರ ಬಂದಾಗ ಮರುಕಳಿಸಬಹುದು. ಇದು ಬಾಲಗ್ರಹದ ಕಾಟವಲ್ಲ. ದಯವಿಟ್ಟು ಬರೆ ಹಾಕಿಸಬೇಡಿ. ಸುಟ್ಟ ಗಾಯ ಕೀವಾಗುತ್ತದೆಯೇ ಹೊರತು ಫಿಟ್ಸ್ ನಿಲ್ಲುವುದಿಲ್ಲ. ಆದರೂ ಅಂದೇ ವೈದ್ಯರಿಗೆ ತೋರಿಸಿ. ಮಿದುಳಿನ ಪೊರೆಗೆ ಸೋಂಕು ತಗುಲಿದಾಗಲೂ ಜ್ವರ, ಫಿಟ್ಸ್ ಒಟ್ಟಿಗೇ ಬರುತ್ತವೆ.

ಬಿದ್ದಾಗ ಬರುವ ಫಿಟ್ಸ್

ಕೆಲವು ಮಕ್ಕಳು ಬಿದ್ದು ಅಳುವಾಗ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಮೈ ಬಿಟ್ಟು ಒಂದೆರಡು ಸಲ ಅದುರುತ್ತವೆ. ಒಂದು ನಿಮಿಷದೊಳಗೆ ಸರಿಹೋಗುತ್ತವೆ. ಇದು ನಿಜವಾದ ಫಿಟ್ಸ್ ಅಲ್ಲ. ರಕ್ತಹೀನತೆಯಿರುವ ಮಕ್ಕಳಲ್ಲಿ ಇದು ಹೆಚ್ಚು; ಒಮ್ಮೆ ವೈದ್ಯರಿಗೆ ತೋರಿಸಿ.

ಆದರೆ ತಲೆಗೆ ಪೆಟ್ಟು ಬಿದ್ದು, ಆ ಕ್ಷಣವೋ ಕೆಲವು ಗಂಟೆ ಕಳೆದೋ ಫಿಟ್ಸ್ ಬಂದರೆ, ಅದು ತಾನಾಗಿ ನಿಂತರೂ ಕಾಯಬೇಡಿ. ತಲೆಬುರುಡೆಯೊಳಗೆ ರಕ್ತ ಸೋರುತ್ತಿರಬಹುದು. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಕಿವಿ ಅಥವಾ ಮೂಗಿನಿಂದ ರಕ್ತ, ನೀರು ಸೋರುವುದು ಕಂಡರೆ ಫಿಟ್ಸ್ ಬಾರದಿದ್ದರೂ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಆ ಹೊತ್ತಿನಲ್ಲಿ ಏನು ಮಾಡಬೇಕು?

1. ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿಯಲಿ. ಬಿದ್ದ ಮಗುವಾದರೆ ಕುತ್ತಿಗೆ ತಿರುಚದಂತೆ ತಲೆ, ಮೈ ಒಟ್ಟಿಗೇ ಹೊರಳಿಸಿ.

2. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ.

3. ಬೀಗದ ಕೈ, ಈರುಳ್ಳಿ, ಚಪ್ಪಲಿ ಹುಡುಕುತ್ತ ಹೊತ್ತು ಕಳೆಯಬೇಡಿ. ಫಿಟ್ಸ್ ಶುರುವಾದ ಸಮಯ ಗಮನಿಸಿ. ವೈದ್ಯರು ಮೊದಲು ಕೇಳುವುದು ಅದನ್ನೇ.

4. 5 ನಿಮಿಷ ಮೀರಿದರೆ, ಅದೇ ದಿನ ಮತ್ತೆ ಬಂದರೆ, ಕುತ್ತಿಗೆ ಸೆಟೆದಿದ್ದರೆ, ನಿಂತ ಮೇಲೂ ಎಚ್ಚರ ಬಾರದಿದ್ದರೆ 108ಕ್ಕೆ ಕರೆಮಾಡಿ.

5. ಹಸುವಿಗೆಂದು ತಂದ ಜ್ವರದ ಔಷಧಿಯನ್ನು ಮಕ್ಕಳಿಗೆ ಎಂದೂ ಕೊಡಬೇಡಿ. 400 ಕಿಲೋ ತೂಗುವ ಹಸುವಿನ ಅಳತೆ 10 ಕಿಲೋ ಮಗುವಿಗೆ ವಿಷ. ಅಂಥ ಬಾಟಲಿಗಳನ್ನು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ.

ಫಿಟ್ಸ್ ಬಂದ ಹೊತ್ತಿನಲ್ಲಿ ಮನೆಯಲ್ಲಿರುವವರು ಹೆಚ್ಚಾಗಿ ಅಜ್ಜಿ, ತಾತಂದಿರು. ಆದ್ದರಿಂದ ಈ ಪುಟವನ್ನು ಅವರಿಗೂ ಓದಿ ಹೇಳಿ.