ಕಾಲು ಮೇಲೆ, ಕಣ್ಣು ಕೆಳಗೆ: ನೀರೊಳಗೆ ನೆಟ್ಟಗಿರೋದು ಹೇಗೆ?

ಈ ಕಂತಿನಲ್ಲಿ ನಾವು ಈಜುಕೊಳಕ್ಕೆ ಇಳಿಯೋಣ. ಸಿಂಕ್ರೊನೈಸ್ಡ್ ಸ್ವಿಮ್ಮಿಂಗ್ ಅನ್ನು ನೀವು ಒಲಿಂಪಿಕ್ಸ್‌ನಲ್ಲಿ ನೋಡಿರ್ತೀರಿ. 2017ರಿಂದ ಅದರ ಅಧಿಕೃತ ಹೆಸರು ಆರ್ಟಿಸ್ಟಿಕ್ ಸ್ವಿಮ್ಮಿಂಗ್. ಎಂಟು ಜನರ ತಂಡ, ನೀರಿನ ಮೇಲೆ ಹದಿನಾರು ಕಾಲುಗಳು ಕಂಬ ನೆಟ್ಟ ಹಾಗೆ. ತೀರ್ಪುಗಾರರು ನೋಡೋದು ಆ ಕಾಲುಗಳನ್ನ. ಆದರೆ ಈಜುಗಾರ್ತಿಯ ಕಣ್ಣು ನೀರಿನ ಅಡಿಯಲ್ಲಿದೆ, ಅವಳಿಗೆ ತನ್ನ ಕಾಲೇ ಕಾಣಿಸುವುದಿಲ್ಲ! ಹಾಗಾದ್ರೆ ಅದು ನೆಟ್ಟಗಿದೆ ಅಂತ ಗೊತ್ತಾಗೋದು ಹೇಗೆ?

ಒಂದು ಸಣ್ಣ ಪ್ರಯೋಗ ಮಾಡಿ. ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ. (ಬಸ್ಸಿನಲ್ಲೋ ರೈಲಿನಲ್ಲೋ ಕೇಳ್ತಾ ಇರೋರು ದಯವಿಟ್ಟು ಮನೆಗೆ ಹೋದ ಮೇಲೆ ಮಾಡಿ.) ಬೇಗನೆ ತೂರಾಡೋಕೆ ಶುರುವಾಗುತ್ತೆ. ದೇಹದ ನಿಲುವಿನ ಬಗ್ಗೆ ಮಿದುಳು ಮೂರು ಕಡೆಯಿಂದ ವರದಿ ತರಿಸಿಕೊಳ್ಳುತ್ತದೆ: ಕಣ್ಣು, ಒಳಕಿವಿ, ಮತ್ತು ಚರ್ಮ-ಸ್ನಾಯು-ಕೀಲುಗಳು. ನೀರಲ್ಲಿ ಪಾದದಡಿ ನೆಲವಿಲ್ಲ, ಹಾಗಾಗಿ ಅಂಗಾಲಿನ ಒತ್ತಡದ ಸುದ್ದಿ ನಿಂತುಹೋಯಿತು. ಒಳಕಿವಿಯ ಸುಣ್ಣದ ಹರಳುಗಳು ಗುರುತ್ವದ ದಿಕ್ಕು ಹೇಳುತ್ತವೆ, ನಿಜ. ಆದರೆ ಅವು ಚೆನ್ನಾಗಿ ಕೆಲಸ ಮಾಡೋದು ತಲೆ ಮೇಲಿದ್ದಾಗ. ತಲೆಕೆಳಗಾದರೆ ಅವುಗಳ ಅಂದಾಜು ಸಡಿಲವಾಗುತ್ತದೆ. ಹಾಗಾಗಿ ಕಣ್ಣಿನ ಮಾತಿಗೆ ತೂಕ ಹೆಚ್ಚುತ್ತದೆ.

ತಮಾಷೆ ಅಂದ್ರೆ, ನೀರೊಳಗೆ ಆ ಕಣ್ಣೂ ಮಂಜು. ಕಣ್ಣು ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲು ಹೊರಪದರವಾದ ಕಾರ್ನಿಯಾದ್ದು. ಅದು ಬಾಗಿಸೋದು ಎದುರಿಗೆ ಗಾಳಿ ಇದ್ದಾಗ. ನೀರಿಗೂ ಕಾರ್ನಿಯಾಗೂ ವಕ್ರೀಭವನ ಸೂಚ್ಯಂಕ ಹೆಚ್ಚುಕಡಿಮೆ ಒಂದೇ — 1.33 ಮತ್ತು 1.38 — ಹಾಗಾಗಿ ಆ ಶಕ್ತಿ ಬಹುತೇಕ ಮಾಯ.

ಆದರೂ ಕೆಲಸ ನಡೆಯುತ್ತೆ! ನಿಲುವು ಕಾಯೋದಕ್ಕೆ ಅಕ್ಷರ ಓದುವಷ್ಟು ಸ್ಪಷ್ಟ ನೋಟ ಬೇಡ. ಕೊಳದ ತಳದ ಕಪ್ಪು ಪಟ್ಟಿ, ಗೋಡೆಯ ಅಂಚು, ಕಣ್ಣಂಚಿನಲ್ಲಿ ಪಕ್ಕದವಳ ಉಡುಪಿನ ಬಣ್ಣ ಜರುಗಿದ್ದು, ಇಷ್ಟು ಸಾಕು. ಈ ಕಣ್ಣಂಚಿನ ನೋಟ ದಡದ ಮೇಲೂ ಮಂಜುಮಂಜೇ ತಾನೆ.

ನಮಗೆ ಹೆಚ್ಚು ಇಷ್ಟವಾದ ವಿಷಯ ಬೇರೆ: ಎಲ್ಲಿ ನೋಡ್ತೀವಿ ಅನ್ನೋದು ಕುತ್ತಿಗೆಯನ್ನೂ ಎಳೆಯುತ್ತದೆ. ತಲೆಕೆಳಗಾಗಿ ಕೊಳದ ತಳ ನೋಡೋಕೆ ಹೋದರೆ ತಲೆ ಹಿಂದಕ್ಕೆ ವಾಲುತ್ತೆ, ಬೆನ್ನು ಬಿಲ್ಲಾಗುತ್ತೆ, ಮೇಲೆ ಕಾಲು ಓರೆಯಾಗುತ್ತೆ. ಗದ್ದವನ್ನು ಎದೆಗೆ ಒತ್ತಿದರೆ ಸೊಂಟ ಮಡಚುತ್ತೆ. ಅದಕ್ಕೇ ಎದುರಿನ ಗೋಡೆಯ ಕಡೆ ನೋಟ.

ಇನ್ನು ಈಜು ಕನ್ನಡಕ. ಅಭ್ಯಾಸದಲ್ಲಿ ಹಾಕ್ತಾರೆ, ಸ್ಪರ್ಧೆಯ ನೃತ್ಯದಲ್ಲಿ ಬಹುಕಾಲ ಸಾಮಾನ್ಯವಾಗಿ ಮೂಗಿನ ಕ್ಲಿಪ್ ಮಾತ್ರ ಇರುತ್ತಿತ್ತು. ಗಾಜಿನ ಹಿಂದೆ ಗಾಳಿ ಇರೋದರಿಂದ ಚಿತ್ರ ಸ್ಪಷ್ಟ, ಆದರೆ 4 ಮೀಟರ್ ದೂರದ ಗೆಳತಿ 3 ಮೀಟರ್‌ನಲ್ಲಿದ್ದ ಹಾಗೆ ಕಾಣ್ತಾಳೆ. ಕನ್ನಡಕ ತೆಗೆದರೆ ಆ ಅಳತೆ ಹೋಯಿತು, ಜೊತೆಗೆ ಮಂಜು ಬಂತು. ಒಬ್ಬರ ಪಕ್ಕ ಒಬ್ಬರು ಅಂಟಿಕೊಂಡಂತೆ ಈಜುವ ಈ ಆಟದಲ್ಲಿ ಅಂಕ ಕಳೆದುಕೊಳ್ಳೋದು ಚಿಕ್ಕ ನಷ್ಟ. ಪಕ್ಕದವಳ ಪಾದ ತಲೆಗೆ ಬಡಿದು ಮಿದುಳಿಗೆ ಪೆಟ್ಟಾಗೋದು ಇಲ್ಲಿ ಅಪರೂಪವೇನಲ್ಲ.