ಮಗು ಎದ್ದು ನಿಲ್ಲುವ ಮೊದಲೇ ಕ್ರಿಬ್ ತಗ್ಗಿಸಿ

ಎಂಟು–ಒಂಬತ್ತು ತಿಂಗಳ ಮಗು ನಿದ್ದೆಯಿಂದ ಎದ್ದೊಡನೆ ಅಳುತ್ತದೆ ಎಂದು ನಂಬಿ ಕೂರಬೇಡಿ. ಸದ್ದಿಲ್ಲದೆ ಮಗುಚಿಕೊಂಡು, ಮಂಡಿಯೂರಿ, ಕಂಬಿ ಹಿಡಿದು ನಿಂತೇ ಬಿಟ್ಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ ಮಕ್ಕಳು ಆಸರೆ ಹಿಡಿದು ನಿಲ್ಲುವುದು ಸರಾಸರಿ ಏಳೂವರೆ ತಿಂಗಳಿಗೆ. ಕೆಲವರು ಐದಕ್ಕೇ ನಿಂತರೆ, ಕೆಲವರಿಗೆ ಹನ್ನೊಂದು ದಾಟುತ್ತದೆ. ಹಾಗಾಗಿ ಕ್ಯಾಲೆಂಡರ್ ನೋಡಬೇಡಿ, ಮಗುವನ್ನು ನೋಡಿ. ತಾನಾಗಿ ಕೂರಲು ಕಲಿತಾಗ ಹಾಸಿಗೆಯನ್ನು ಒಂದು ಹಂತ ಇಳಿಸಿ. ಅಂಗೈ, ಮಂಡಿ ಊರಿ ಏಳಲು ಶುರುಮಾಡಿದ ದಿನವೇ ತೀರಾ ಕೆಳಗಿನ ಹಂತಕ್ಕೆ ತನ್ನಿ. ನಿಂತ ಮೇಲೆ ಇಳಿಸಿದರಾಯಿತು ಎನ್ನುವುದೇ ಬಹುತೇಕ ಮನೆಗಳಲ್ಲಿ ಆಗುವ ತಡ.

ಇಳಿಸುವ ಕೆಲಸಕ್ಕೆ ಇಬ್ಬರು ಬೇಕು. ಹಾಸಿಗೆ ಹೊರಗಿಟ್ಟು, ಒಬ್ಬರು ಅಡಿಹಲಗೆ ಹಿಡಿದುಕೊಳ್ಳಿ, ಇನ್ನೊಬ್ಬರು ಬೋಲ್ಟ್ ಬಿಚ್ಚಿ. ನಾಲ್ಕೂ ಮೂಲೆ ಒಂದೇ ಹಂತದ ತೂತಿನಲ್ಲಿ ಕೂತಿವೆಯೇ ಎಂದು ಎಣಿಸಿ ನೋಡಿ. ಬಿಗಿ ಮಾಡಿದ ಮೇಲೆ ಕಟಕಟೆ ಹಿಡಿದು ಜೋರಾಗಿ ಅಲ್ಲಾಡಿಸಿ. ಮಗು ಕುಣಿಯತೊಡಗಿದರೆ ಬೋಲ್ಟ್ ಸಡಿಲವಾಗುತ್ತದೆ, ಆಗಾಗ ತಿರುವುತ್ತಿರಿ. ಚಕ್ರಗಳಿದ್ದರೆ ಲಾಕ್ ಮಾಡಿ, ತೂಗುವ ಸೌಲಭ್ಯವಿದ್ದರೆ ಅದನ್ನೂ ನಿಲ್ಲಿಸಿ.

ಇಷ್ಟೆಲ್ಲ ಮಾಡಿ, ಮೆತ್ತಗಿರಲೆಂದು ಅಜ್ಜಿ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಇಳಿಸಿದ್ದೆಲ್ಲ ವ್ಯರ್ಥ. ಕೆಳಗೆ ದಪ್ಪವಾದಷ್ಟೂ ಕಟಕಟೆ ಗಿಡ್ಡವಾಗುತ್ತದೆ. ಗಟ್ಟಿ ಹಾಸಿಗೆ ಒಂದು, ಅದಕ್ಕೆ ಬಿಗಿಯಾಗಿ ಕೂರುವ ಹೊದಿಕೆ ಒಂದು ಸಾಕು. ದಿಂಬು, ಲೋಡು, ದೊಡ್ಡ ಗೊಂಬೆಗಳಿಂದ ಉಸಿರುಗಟ್ಟುವ ಅಪಾಯ ಹೇಗೂ ಇದೆ. ಈಗ ಅವು ಹತ್ತುವ ಮೆಟ್ಟಿಲೂ ಹೌದು. ಕಂಬಿಗಳಿಗೆ ಸುತ್ತಲೂ ಕಟ್ಟುವ ಬಂಪರ್ ದಿಂಬನ್ನು ಅಮೆರಿಕ 2022ರಲ್ಲಿ ಕಾನೂನು ಮಾಡಿಯೇ ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ಮಾತ್ರ ಸೆಟ್ ಜೊತೆ ಅದನ್ನು ಇನ್ನೂ ಮಾರುತ್ತಾರೆ. ಚೆಂದಕ್ಕೆ ಮರುಳಾಗಬೇಡಿ. ಮೇಲೆ ತೂಗುಬಿಟ್ಟ ಗಿಲಕಿ, ರಿಬ್ಬನ್ನುಗಳನ್ನೂ ಬಿಚ್ಚಿಡಿ. ಮಗುವಿನ ಕೊರಳಲ್ಲಿ ದಾರ, ತಾಯತವಿದ್ದರೆ ಮಲಗಿಸುವ ಮುನ್ನ ತೆಗೆಯಿರಿ.

ಇನ್ನು ಅಳತೆ ಟೇಪು ತನ್ನಿ. ಎರಡು ಕಂಬಿಗಳ ನಡುವಿನ ಸಂದು 6 ಸೆಂ.ಮೀ. ಮೀರಬಾರದು. ಹಾಸಿಗೆಗೂ ಕಟಕಟೆಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿದ್ದರೆ ಹಾಸಿಗೆ ಚಿಕ್ಕದಾಯಿತು ಎಂದರ್ಥ. ಅಕ್ಕನ ಮಗುವಿನಿಂದ ಬಂದ ಹಳೆಯ ಕ್ರಿಬ್ಬಾದರೆ ಇನ್ನೆರಡು ವಿಷಯ ಗಮನಿಸಿ. ಒಂದು ಬದಿಯ ಕಟಕಟೆ ಕೆಳಗೆ ಜಾರುವಂಥದ್ದಾದರೆ ಬಳಸದಿರುವುದೇ ಲೇಸು. ಮಕ್ಕಳು ಸಂದಿಗೆ ಸಿಕ್ಕಿ ಸತ್ತ ಪ್ರಕರಣಗಳ ನಂತರ ಅಮೆರಿಕ 2011ರಲ್ಲಿ ಅವುಗಳ ಮಾರಾಟ ನಿಲ್ಲಿಸಿತು. ಎರಡನೆಯದು ಬಣ್ಣ. ಹಲ್ಲು ಬರುವ ಮಗು ನಿಂತಲ್ಲೇ ಮೇಲಿನ ಪಟ್ಟಿ ಕಚ್ಚುತ್ತದೆ. ನಮ್ಮಲ್ಲಿ ಮನೆಬಳಕೆಯ ಬಣ್ಣದ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದು, ಈಗ ಚಕ್ಕೆ ಏಳುತ್ತಿರುವ ಎನಾಮೆಲ್ ಬಣ್ಣದ ಮಂಚ ಬೇಡ.

ಕ್ರಿಬ್ ಇಡುವ ಜಾಗವನ್ನೂ ಬದಲಿಸಬೇಕಾದೀತು. ಪಕ್ಕದಲ್ಲೇ ಮಂಡಿಯೂರಿ ಕುಳಿತು ಸುತ್ತ ಕೈಯಾಡಿಸಿ ನೋಡಿ: ಪರದೆಯ ದಾರ, ಮೊಬೈಲ್ ಚಾರ್ಜರಿನ ವೈರು, ಸ್ವಿಚ್ ಬೋರ್ಡ್, ಅದಕ್ಕೆ ಸಿಕ್ಕಿಸಿದ ಸೊಳ್ಳೆ ಔಷಧಿ. ನಿಮ್ಮ ಕೈಗೆ ಸಿಕ್ಕಿದ್ದು ನಾಳೆ ಅದರ ಕೈಗೂ ಸಿಕ್ಕೀತು. ಕಿಟಕಿಯಿಂದ, ಟೇಬಲ್ ಫ್ಯಾನಿನಿಂದ ದೂರವಿಡಿ. ಇಳಿಬಿಟ್ಟ ಸೊಳ್ಳೆಪರದೆಯನ್ನು ಮಗು ಎಳೆದು ಮೈಮೇಲೆ ಹಾಕಿಕೊಳ್ಳುತ್ತದೆ. ಕಿಟಕಿಗೇ ಜಾಲರಿ ಹಾಕಿಸುವುದು ಮೇಲು.

ಕಳಘಟಗಿಯ ಬಣ್ಣದ ತೊಟ್ಟಿಲಿರಲಿ, ಸೀರೆಯ ಜೋಲಿಯಿರಲಿ, ಮಂಡಿಯೂರಿ ಏಳುವ ಮಗುವಿಗೆ ಅವು ಸಲ್ಲ. ಮಗು ಅಂಚಿಗೆ ಬಂದೊಡನೆ ತೊಟ್ಟಿಲು ವಾಲುತ್ತದೆ, ಜೋಲಿಯ ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಹಿರಿಯರು ಬೇಸರಿಸಿಕೊಂಡರೂ ಇಲ್ಲಿ ರಾಜಿ ಬೇಡ.

ಆಗಷ್ಟೇ ನಿಲ್ಲಲು ಕಲಿತ ಮಗುವಿಗೆ ನಿಂತಲ್ಲಿಂದ ಮತ್ತೆ ಕೂರಲು ಬರುವುದಿಲ್ಲ. ನಡುರಾತ್ರಿ ಕಂಬಿ ಹಿಡಿದು ಅಳುವುದಕ್ಕೆ ಕಾರಣ ಅನೇಕ ಸಲ ಇಷ್ಟೇ. ಹಗಲಲ್ಲಿ ಅದು ಸೋಫಾ ಹಿಡಿದು ನಿಂತಿರುವಾಗ ಕಾಲಬಳಿ ಆಟಿಕೆ ಇಟ್ಟರೆ, ಮಂಡಿ ಬಾಗಿಸಿ ಕೂರುವುದು ರೂಢಿಯಾಗುತ್ತದೆ. ರಾತ್ರಿ ದೀಪ ಹಾಕದೆ, ಹೆಚ್ಚು ಮಾತಾಡದೆ ಅಂಗಾತ ಮಲಗಿಸಿ.

ಮಗು 90 ಸೆಂ.ಮೀ. ಎತ್ತರಕ್ಕೆ ಬಂದಾಗ, ಇಲ್ಲವೇ ನಿಂತರೆ ಕಟಕಟೆ ಅದರ ಎದೆಗಿಂತ ಕೆಳಗಾದಾಗ ಕ್ರಿಬ್ಬಿನ ಕೆಲಸ ಮುಗಿಯಿತು. ಅದಕ್ಕೂ ಮೊದಲೇ ಒಂದು ಕಾಲನ್ನು ಕಟಕಟೆಯ ಮೇಲೆ ಹಾಕಿದ್ದು ಕಂಡರೆ, ಅಂದಿನ ರಾತ್ರಿಯಿಂದಲೇ ನೆಲದ ಮೇಲೆ ಹಾಸಿಗೆ ಹಾಸಿ.